ಫಲವಿಲ್ಲದ ಕೈ

ಬೀದರಿನ ಹಸ್ತಶುದ್ಧಿ ಕೇಂದ್ರಕ್ಕೆ ಆ ಸೋಮವಾರ ಬೆಳಿಗ್ಗೆ ಹದಿನೇಳು ದೂರುಗಳು ಬಂದಿದ್ದವು. ಹದಿನಾರು ಮಾಮೂಲಿ: ಸೋಪು ಬರುತ್ತಿಲ್ಲ, ಸೋರುತ್ತಿದೆ, ದೀಪ ಆರುತ್ತಿಲ್ಲ, ಒಳಗೆ ಇರುವೆ ಸೇರಿವೆ. ಹದಿನೇಳನೆಯದು ನಾಲ್ಕೇ ಶಬ್ದಗಳದ್ದು.

‘ನಮ್ಮ ಡಬ್ಬಿ ಭೇದಭಾವ ಮಾಡ್ಲಕತ್ತದ.’

ಹನ್ನೊಂದು ವರ್ಷಗಳಿಂದ ಸೋಪಿನ ಡಬ್ಬಿಗಳನ್ನು ರಿಪೇರಿ ಮಾಡುತ್ತಿದ್ದ ಮಹಾನಂದಾ ಅದನ್ನು ಎರಡು ಸಲ ಓದಿ ನಕ್ಕಳು. ದೂರಿನ ಪಕ್ಕದ ಕೆಂಪು ಗುರುತು ಕಣ್ಣಿಗೆ ಬಿದ್ದ ಮೇಲೆ ನಗು ನಿಂತಿತು. ಕೆಂಪು ಗುರುತೆಂದರೆ ಆ ಮನೆಯಲ್ಲಿ ಅವಧಿಗೆ ಮುಂಚೆ ಹುಟ್ಟಿದ ಕೂಸು ಇದೆ ಎಂದರ್ಥ. ಅಂಥ ಮನೆಗೆ ಎರಡು ಗಂಟೆಯೊಳಗೆ ತಲುಪಬೇಕು.

ಹಸ್ತಮಾಪಕ ಎಂಬುದು ಆ ಯಂತ್ರದ ಸರಕಾರಿ ಹೆಸರು. ಜನ ಮೊದಲ ವಾರದಲ್ಲೇ ಅದಕ್ಕೆ ನೊರಿಡಬ್ಬಿ ಎಂದು ಹೆಸರಿಟ್ಟು ಮುಗಿಸಿದ್ದರು. ಔಷಧಿಗಳಿಗೆ ಸೋಂಕುಗಳು ಜಗ್ಗದೆ ಹೋದ ಮೇಲೆ ಕೈ ತೊಳೆಯುವುದೊಂದೇ ಗಟ್ಟಿಯಾದ ಔಷಧಿಯಾಗಿ ಉಳಿದಿತ್ತು. ಆದರೆ ತೊಳೆಯಲು ನೀರು ಬೇಕಲ್ಲ. ನೀರಿಗೆ ಬೀದರಿನಲ್ಲಿ ಯಾವ ಕಾಲದಲ್ಲೂ ಬರವೇ. ಅದಕ್ಕಾಗಿ ಈ ಡಬ್ಬಿ. ಅಂಗೈ ಒಡ್ಡಿದರೆ ಅದು ನೇರಳೆ ಬೆಳಕು ಬಿಟ್ಟು, ಆ ಬೆಳಕಿನಲ್ಲಿ ಕಾಣುವ ಕೊಳೆಯನ್ನು ಅಂದಾಜು ಮಾಡಿ, ಎಷ್ಟು ಬೇಕೋ ಅಷ್ಟೇ ನೊರೆ ಕೊಡುತ್ತಿತ್ತು. ನೊರೆಗೆ ತಕ್ಕಷ್ಟು ನೀರನ್ನು ನಲ್ಲಿ ಬಿಡುತ್ತಿತ್ತು. ತೊಳೆದ ಮೇಲೆ ಇನ್ನೊಮ್ಮೆ ನೋಡುತ್ತಿತ್ತು. ಎಲ್ಲ ಸರಿಯಿದ್ದರೆ ಹಸಿರು ದೀಪ.

ಉಳಿದ ಮನೆಗಳಲ್ಲಿ ಹಸಿರು ದೀಪ ಹತ್ತದಿದ್ದರೆ ಏನೂ ಮುಳುಗುತ್ತಿರಲಿಲ್ಲ. ಕೆಂಪು ಗುರುತಿನ ಮನೆಗಳ ಮಾತು ಬೇರೆ. ಅಲ್ಲಿ ಕೂಸನ್ನು ಬೆಚ್ಚಗಿಡುವ ಗಾಜಿನ ಗೂಡಿನ ಮುಚ್ಚಳಕ್ಕೂ ಡಬ್ಬಿಗೂ ಒಂದೇ ಬೀಗ. ಹಸಿರು ಹತ್ತದ ಕೈಗೆ ಗೂಡು ತೆರೆಯುತ್ತಿರಲಿಲ್ಲ.

ಮನೆ ಚೌಬಾರಾ ಗೋಪುರದ ಹಿಂದಿನ ಓಣಿಯಲ್ಲಿತ್ತು. ಬಾಗಿಲು ತೆರೆದವಳು ಜಗದೇವಿ, ಇಪ್ಪತ್ತಾರರ ಬಾಣಂತಿ. ಒಂದು ಪಕ್ಕಕ್ಕೆ ವಾಲಿ ನಡೆಯುತ್ತಿದ್ದಳು.

“ಬರ್ರಿ ಅಕ್ಕಾ. ಇದರ ಮುಂದ ನಿಂತು ನಿಂತು ನಮ್ಮಪ್ಪ ಸಣ್ಣಾಗ್ಯಾನ.”

“ನಿಮಗೇನಾಗ್ಯದ? ಹಿಂಗ್ಯಾಕ ನಡಿತೀರಿ?”

“ಸರ್ಪಸುತ್ತು. ಬೆನ್ನಿಂದ ಎದಿತನ ಸುತ್ಕೊಂಡದ. ಅದಕ್ಕೇ ನೋಡ್ರಿ ಈ ಎಲ್ಲಾ ಫಜೀತಿ.”

ಫಜೀತಿ ಏನೆಂಬುದನ್ನು ಅವಳು ಗೂಡಿನ ಪಕ್ಕ ಕೂತು ಹೇಳಿದಳು. ಹೆಣ್ಣುಕೂಸು, ಎರಡು ತಿಂಗಳು ಮುಂಚೆ ಹುಟ್ಟಿದ್ದು. ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು ಗೂಡಿನ ಸಮೇತ ಮನೆಗೆ ಬಂದು ಹತ್ತೊಂಬತ್ತು ದಿನ. ಇಂಥ ಕೂಸುಗಳನ್ನು ದಿನಕ್ಕೆ ಕೆಲವು ಗಂಟೆಯಾದರೂ ಯಾರದಾದರೂ ಬರಿ ಎದೆಗೆ ಅವುಚಿಟ್ಟುಕೊಳ್ಳಬೇಕು. ಉಸಿರು ಹದಕ್ಕೆ ಬರುತ್ತದೆ, ತೂಕ ಏರುತ್ತದೆ. ಗೂಡು ಬಿಸಿ ಕೊಟ್ಟೀತು, ಎದೆಬಡಿತ ಕೊಡಲಾರದು. ಹದಿನೈದು ದಿನ ಜಗದೇವಿಯೇ ಅವುಚಿಟ್ಟುಕೊಂಡಿದ್ದಳು. ಆಮೇಲೆ ಸರ್ಪಸುತ್ತು ಎದ್ದಿತು. ಗುಳ್ಳೆ ಒಣಗುವ ತನಕ ಕೂಸನ್ನು ಎದೆಗೆ ತಾಗಿಸಕೂಡದು ಎಂದರು ಡಾಕ್ಟರು. ಗೂಡಿನ ಪಕ್ಕದ ಕಿಂಡಿಯಿಂದ ಹಿಂಡಿದ ಹಾಲನ್ನು ಒಳಲೆಯಲ್ಲಿ ಕುಡಿಸಬಹುದು, ಅಷ್ಟೇ; ಮುಚ್ಚಳ ಇನ್ನು ಕೂಸನ್ನು ಅವುಚಿಕೊಳ್ಳುವವರ ಕೈಗೆ ಮಾತ್ರ ತೆರೆಯುತ್ತಿತ್ತು. ಗಂಡ ಪಾವಗಡದ ಸೌರ ಸ್ಥಾವರದಲ್ಲಿ ಕೆಲಸಕ್ಕಿದ್ದ. ರಜೆ ಮುಗಿದು ಹೋಗಿದ್ದ. ತಾಯಿ ತೀರಿಕೊಂಡು ಆರು ವರ್ಷ. ಉಳಿದವನು ಅಪ್ಪ ಒಬ್ಬನೇ.

“ಸಾವಿರದ ನಾಕ್ನೂರಾ ಇಪ್ಪತ್ತು ಗ್ರಾಂ. ನಾಕ್ ದಿನ ಆಯ್ತು, ಕಾಟಾ ಮುಂದ ಸರಿವಲ್ಲದು. ಗುರುವಾರ ತನಕ ಏರ್ಲಿಲ್ಲಂದ್ರ ಕಲಬುರ್ಗಿ ದೊಡ್ಡ ದವಾಖಾನಿಗಿ ಒಯ್ತಾರಂತ. ನನಗೀ ಗುಳ್ಳಿ ಇರೋತನ ಅಲ್ಲಿ ಒಳಗ ಬಿಡಂಗಿಲ್ಲಂತ. ಗಾಜಿನಾಚಿಂದ ನೋಡ್ಬೇಕಂತ.”

ಮಹಾನಂದಾ ಡಬ್ಬಿಯ ಮುಚ್ಚಳ ಬಿಚ್ಚಿದಳು. ಯಂತ್ರದ ತಪ್ಪೆಲ್ಲ ಮೊದಲು ಯಂತ್ರದಲ್ಲೇ ಹುಡುಕಬೇಕು ಎಂಬುದು ಅವಳ ಪದ್ಧತಿ. ಮೂತಿಯಲ್ಲಿ ಒಣಗಿದ ಸೋಪು ಅರ್ಧ ಕಿಂಡಿ ಮುಚ್ಚಿತ್ತು. ಕೊಳವೆಯಲ್ಲಿ ಗಾಳಿಗುಳ್ಳೆ. ಒಳಗಿನ ದ್ರವವನ್ನು ಬೆರಳಿಗೆ ಸವರಿಕೊಂಡು ನೋಡಿದಳು. ಅಂಬಲಿಯಲ್ಲ, ಅಂಬಲಿಯ ಮೇಲಿನ ತಿಳಿ.

“ಇದಕ್ಕ ನೀರ್ ಹಾಕೀರಿ?”

“ತಳದಾಗ ನಾಕ್ ಬಟ್ಟಷ್ಟ್ ಉಳಿದಿತ್ರಿ. ಚೆಲ್ಲೋದು ಹ್ಯಾಂಗ? ಒಂದ್ ಲೋಟ ನೀರ್ ಹಾಕಿ ಅಲ್ಲಾಡಿಸೀನಿ. ಶಾಂಪೂ ಬಾಟ್ಲಿಗೂ ಹಂಗೇ ಮಾಡ್ತೀವಿ.”

“ಇಡೀ ಜಿಲ್ಲಾನೇ ಹಂಗ ಮಾಡ್ತದ ತಂಗಿ. ಅದಕ್ಕೇ ನನ್ನ ನೌಕರಿ ಉಳದದ.”

ಮೂತಿಯನ್ನು ಬಿಸಿನೀರಲ್ಲಿ ನೆನೆಸಿ ಸೂಜಿಯಿಂದ ಬಿಡಿಸಿದಳು. ತೆಳ್ಳಗಿನದನ್ನು ಸುರಿದು ಹೊಸದು ತುಂಬಿದಳು. ಗಾಳಿ ಹೋಗುವ ತನಕ ಪಂಪು ಒತ್ತಿದಳು. ಚೀಲದಿಂದ ರಬ್ಬರಿನ ಕೈಯೊಂದನ್ನು ತೆಗೆದು ಹತ್ತು ಸಲ ಒಡ್ಡಿ, ಪ್ರತಿ ಸಲ ಬಂದದ್ದನ್ನು ಅಳತೆಯ ಕೊಳವೆಯಲ್ಲಿ ಹಿಡಿದಳು. ಹತ್ತು ಸಲವೂ ಒಂದು ಪಾಯಿಂಟ್ ಎರಡು ಮಿಲಿ. ಜಗದೇವಿ ಒಡ್ಡಿದಾಗ ಒಂದು ಮಿಲಿಗೆ ಚೂರು ಕಡಿಮೆ, ಹಸಿರು ದೀಪ. ಮಹಾನಂದಾಳಿಗೂ ಅಷ್ಟೇ.

“ಈಗ ಅಪ್ಪಾರನ್ನ ಕರೀರಿ.”

ಒಳಕೋಣೆಯಿಂದ ಬಂದ ಘಾಳೆಪ್ಪನಿಗೆ ಅರವತ್ತೆರಡು ವರ್ಷ. ನಲವತ್ತೆಂಟು ವರ್ಷಗಳಿಂದ ಬಿದ್ರಿ ಕೆಲಸ. ಎರಡೂ ಕೈಗಳನ್ನು ಟವೆಲಿನಲ್ಲಿ ಸುತ್ತಿಕೊಂಡಿದ್ದ.

“ನಾ ಬ್ಯಾಡ ತಾಯಿ. ಅದಕ್ಕ ನನ್ನ ಮ್ಯಾಲ ಸಿಟ್ಟದ.”

“ಮಶೀನಿಗಿ ಸಿಟ್ಟು ಬರಲ್ಲ ಕಾಕಾ. ನೀವು ಕೈ ಒಡ್ರಿ.”

ಅವನು ಎಡಗೈ ಒಡ್ಡಿದ. ಹಸ್ತರೇಖೆಗಳಲ್ಲಿ, ಉಗುರಿನ ಸಂದಿಗಳಲ್ಲಿ ಕಪ್ಪು ಹೊಕ್ಕು ಕೂತಿತ್ತು. ನೇರಳೆ ಬೆಳಕು ಬಿತ್ತು. ಒಳಗೆ ಪಂಪು ಟಕ್ ಎಂದಿತು. ಏನೂ ಬರಲಿಲ್ಲ. ನಲ್ಲಿಯೂ ಸುಮ್ಮನಿತ್ತು.

“ಬಲಗೈ?”

ಘಾಳೆಪ್ಪ ಟವೆಲು ಬಿಡಿಸಲಿಲ್ಲ. ಜಗದೇವಿ ತಾನೇ ಹೋಗಿ ಬಿಡಿಸಿದಳು. ಅಂಗೈಯ ಚರ್ಮ ಕಿತ್ತು ಕೆಂಪಗಾಗಿತ್ತು, ಅಲ್ಲಲ್ಲಿ ರಸಿಗೆಯಿತ್ತು.

“ಕೇಳ್ರಿ ಅಕ್ಕಾ, ನೀವೇ ಕೇಳ್ರಿ ಇದು ಹ್ಯಾಂಗಾಯ್ತಂತ. ಪಾಲಿಶ್ ಪೇಪರ್ ತಗೊಂಡು ಉಜ್ಜ್ಯಾನ! ಎಡಗೈಗಿ ಹಚ್ಚೋದ್ರಾಗ ನಾ ಬಂದು ಕಸ್ಕೊಂಡೆ.”

ಬಿದ್ರಿ ಕೆಲಸ ಬಲ್ಲವರಿಗೆ ಘಾಳೆಪ್ಪನ ಲೆಕ್ಕಾಚಾರ ಅರ್ಥವಾದೀತು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿಗೆ ಮೊದಲು ಮೈಲುತುತ್ತದ ನೀರು ಹಚ್ಚಿ ಕಪ್ಪು ಮಾಡುತ್ತಾರೆ, ಕೊರೆಯುವ ಗೆರೆ ಕಾಣಲೆಂದು. ಬೆಳ್ಳಿ ತಂತಿ ಕೂರಿಸಿದ ಮೇಲೆ ಆ ಕಪ್ಪನ್ನು ಪಾಲಿಶ್ ಕಾಗದದಿಂದ ಉಜ್ಜಿ ತೆಗೆಯುತ್ತಾರೆ. ಕೊನೆಗೆ ಕೋಟೆಯ ಮಣ್ಣು, ನವಸಾಗರ ಬೆರೆಸಿದ ಬಿಸಿನೀರಿಗೆ ಹಾಕಿದಾಗ ಹತ್ತುವ ಕಪ್ಪು ಬೇರೆ, ಅದು ಶಾಶ್ವತ.

“ಮೊದಲಿನ ಕರಿ ಹಿಂಗೇ ತೆಗಿತೀವ್ರಿ,” ಎಂದ ಘಾಳೆಪ್ಪ, ತಪ್ಪು ಮಾಡಿದವನ ದನಿಯಲ್ಲಿ. “ಇದೂ ಹೋಗ್ತದೇನೋ ಅನ್ಕೊಂಡೆ.”

“ಹೂಜಿಗಿ ನೋವಾಗಲ್ಲ ಕಾಕಾ.”

“ನೋವಿಂದೇನದ. ಕೂಸು ನಾಕ್ ದಿನದಿಂದ ಒಂದೇ ಅದ, ಆ ಗೂಡಿನಾಗ.”

ಗೂಡಿನೊಳಗೆ ಕೂಸು ಮುಷ್ಟಿ ಬಿಚ್ಚಿ ಮತ್ತೆ ಮಡಚಿತು. ಜಗದೇವಿ ದನಿ ತಗ್ಗಿಸಿದಳು.

“ಅಕ್ಕಾ, ನಿಮ್ಮ ಬಲ್ಲಿ ಈ ಗೂಡಿನ ಚಾವಿ ಇರ್ತದಂತ. ಒಂದ್ಸಲ ತೆಗೀರಿ. ಯಾರಿಗೂ ಹೇಳಲ್ಲ.”

ಚಾವಿ ಇತ್ತು. ಮಹಾನಂದಾಳ ಕೊರಳಲ್ಲೇ ಇತ್ತು. ಅವಳು ಅದನ್ನು ಮುಟ್ಟಿ ನೋಡಿಕೊಂಡಳು.

“ಅದ ತಂಗಿ. ಆದ್ರ ಈ ಕೈ ಸ್ವಚ್ಛ ಅದನೋ ಇಲ್ಲೋ ನನಗ ಗೊತ್ತಿಲ್ಲ. ಮಶೀನಿಗೂ ಗೊತ್ತಿಲ್ಲ. ಗೊತ್ತಿಲ್ದೆ ತೆಗಿಯಂಗಿಲ್ಲ. ನಾಳಿ ಕೂಸಿಗಿ ಏನರೆ ಆದ್ರ ನಿಮ್ಮಪ್ಪ ಬದುಕಿರ್ತಾನೇನು?”

ಜಗದೇವಿ ಮುಖ ತಿರುಗಿಸಿದಳು. ಘಾಳೆಪ್ಪ ಮಾತ್ರ ತಲೆದೂಗಿದ. “ಖರೇ ಅದ,” ಎಂದ.

ಡಬ್ಬಿಯ ನೆನಪಿನ ಚಿಪ್ಪನ್ನು ಕೇಂದ್ರಕ್ಕೆ ತಂದು ಓದಿದಾಗ ಕಥೆ ಹತ್ತು ನಿಮಿಷದಲ್ಲಿ ಬಿಚ್ಚಿಕೊಂಡಿತು. ಮೊದಲ ದಿನ ಡಬ್ಬಿ ಘಾಳೆಪ್ಪನಿಗೆ ಎರಡು ಪಾಯಿಂಟ್ ನಾಲ್ಕು ಮಿಲಿ ಕೊಟ್ಟಿತ್ತು, ಎಲ್ಲರಿಗಿಂತ ಹೆಚ್ಚು. ತೊಳೆದ ಮೇಲೆ ನೋಡಿದಾಗ ಕೈ ಮೊದಲಿನಷ್ಟೇ ಕಪ್ಪು. ಎರಡನೆಯ ದಿನ ಇನ್ನೂ ಹೆಚ್ಚು ಕೊಟ್ಟಿತ್ತು. ಕಪ್ಪು ಹಾಗೇ ಇತ್ತು. ಮೂರನೆಯ ದಿನದಿಂದ ಇಳಿಕೆ. ಒಂಬತ್ತನೆಯ ದಿನ ಸೊನ್ನೆ.

ಹಳೆಯ ಡಬ್ಬಿಗಳು ಹೇಳಿದಷ್ಟು ಮಾಡುತ್ತಿದ್ದವು. ಈ ಹೊಸ ಮಾದರಿ ಕಲಿಯುತ್ತಿತ್ತು. ಅದಕ್ಕೆ ಹೇಳಿಕೊಟ್ಟ ಪಾಠ ಒಂದೇ: ಎಲ್ಲಿ ಸೋಪಿನಿಂದ ವ್ಯತ್ಯಾಸ ಆಗುತ್ತದೋ ಅಲ್ಲಿ ಕೊಡು, ಆಗದಲ್ಲಿ ಉಳಿಸು. ಬೆಳಕು ಹೀರುವ ಕಲೆಯನ್ನು ಅದು ಕೊಳೆ ಎಂದೇ ಎಣಿಸುತ್ತಿತ್ತು. ಎಷ್ಟು ತೊಳೆದರೂ ಕೊಳೆ ಹೋಗದ ಕೈಗೆ ಸೋಪು ದಂಡ ಎಂದು ತೀರ್ಮಾನಿಸಿ, ಘಾಳೆಪ್ಪನ ಗುರುತಿನ ಮುಂದೆ ಒಂದು ಶಬ್ದ ಬರೆದುಕೊಂಡಿತ್ತು: ಫಲರಹಿತ.

ಮಹಾನಂದಾ ಆ ಶಬ್ದವನ್ನೇ ಇಟ್ಟುಕೊಂಡು ಇಡೀ ಜಿಲ್ಲೆಯ ದಾಖಲೆ ಹುಡುಕಿದಳು. ಸಾವಿರದ ನೂರಾ ನಲವತ್ತು ಜನ. ಬಿದ್ರಿ ಕೆಲಸದವರು, ಗ್ಯಾರೇಜಿನವರು, ಅರಿಶಿನ ಕುಟ್ಟುವ ಹೆಂಗಸರು, ಬಣ್ಣ ಹಾಕುವವರು. ಮದುಮಗಳೊಬ್ಬಳು ಮೆಹಂದಿ ಇರುವ ತನಕ ಪಟ್ಟಿಯಲ್ಲಿದ್ದು ಮೆಹಂದಿ ಮಾಸಿದ ಮೇಲೆ ಹೊರಬಂದಿದ್ದಳು. ಘಾಳೆಪ್ಪನ ಮನೆಯೊಂದನ್ನು ಬಿಟ್ಟರೆ ಯಾರೂ ದೂರು ಕೊಟ್ಟಿರಲಿಲ್ಲ. ಉಳಿದವರ ಮನೆಗಳಲ್ಲಿ ಬೀಗ ಹಾಕಿದ ಗೂಡು ಇರಲಿಲ್ಲ. ಅಂಗಡಿಯಿಂದ ಸೋಪಿನ ಬಿಲ್ಲೆ ತಂದು ಸುಮ್ಮನಾಗಿದ್ದರು.

ಕೇಂದ್ರದ ಮುಖ್ಯಸ್ಥ ಬಿರಾದಾರ ಪಟ್ಟಿ ನೋಡಿ ಕನ್ನಡಕ ತೆಗೆದಿಟ್ಟರು. ಆ ಪಾಠವನ್ನು ಯಂತ್ರಕ್ಕೆ ಹಾಕಲು ಸಹಿ ಮಾಡಿದವರು ಅವರೇ.

“ಆ ಬ್ಯಾಸಿಗಿ ನಿನಗ ನೆನಪದನಲ್ಲ? ಟ್ಯಾಂಕರ್ ಮುಂದ ಕೊಡ ಹಿಡಕೊಂಡು ತಲಿ ಒಡ್ಕೊಂಡ್ರು ಜನ. ಒಂದು ಹನಿ ಉಳಿಸೂದೂ ಧರ್ಮ ಅನಸಿತ್ತು ನನಗ.”

“ತಪ್ಪಂತ ನಾ ಅನ್ನಲ್ರಿ ಸರ್. ಆದ್ರ ಅದು ಕೊಳಿ ನೋಡ್ಲಕತ್ತಿಲ್ಲ, ಬಣ್ಣ ನೋಡ್ಲಕತ್ತದ.”

“ಅದು ನಿನ್ನ ಅಂದಾಜು. ಆ ಕೈಯಾಗ ಖರೇನೇ ರೋಗ ಇದ್ರ? ಪುರಾವೆ ತಾ. ಪುರಾವೆ ಇಲ್ದೆ ಒಂದು ಕೈಗಿ ನಿಯಮ ಬದಲ್ ಮಾಡಿದ್ರ ನಾಳಿ ಸಾವಿರ ಕೈ ಬಂದು ನಿಂದರ್ತಾವ.”

“ಬರ್ಲಿ ಸರ್. ತೊಳಕೊಂಡೇ ಬರ್ತಾರ.”

ಬಿರಾದಾರ ನಗಲಿಲ್ಲ. ಆದರೆ ಪ್ರಯೋಗಾಲಯದ ಬೀಗದ ಕೈಯನ್ನು ಮೇಜಿನ ಮೇಲೆ ಅವಳ ಕಡೆಗೆ ಸರಿಸಿದರು.

ಮಧ್ಯಾಹ್ನ ಅವಳು ಮತ್ತೆ ಓಣಿಗೆ ಬಂದಾಗ ಚೀಲದಲ್ಲಿ ಮೂರು ಗಾಜಿನ ತಟ್ಟೆಗಳಿದ್ದವು. ಒಳಗೆ ತೆಳು ಹಳದಿಯ ಪಾಕ, ಗಟ್ಟಿಯಾದದ್ದು. ಅಂಗೈ ಒತ್ತಿದರೆ ಅದರ ಮೇಲಿರುವ ಜೀವಾಣುಗಳೆಲ್ಲ ಪಾಕಕ್ಕೆ ಅಂಟುತ್ತವೆ. ಎರಡು ದಿನ ಮೈಬಿಸಿಯಷ್ಟು ಕಾವಿನಲ್ಲಿಟ್ಟರೆ ಒಂದೊಂದೂ ಬೆಳೆದು ಕಣ್ಣಿಗೆ ಕಾಣುವ ಚುಕ್ಕೆಯಾಗುತ್ತದೆ. ಬೆಳಕು ಸುಳ್ಳು ಹೇಳೀತು, ಚುಕ್ಕೆ ಹೇಳುವುದಿಲ್ಲ.

ಡಬ್ಬಿಯನ್ನು ನಂಬದೆ ಅವಳೇ ಪಿಚಕಾರಿಯಲ್ಲಿ ಸೋಪು ಅಳೆದಳು. ಒಂದು ಪಾಯಿಂಟ್ ಎರಡು ಮಿಲಿ, ಇಪ್ಪತ್ತು ಸೆಕೆಂಡು ತಿಕ್ಕುವುದು, ಒಂದು ಲೋಟ ನೀರು. ಒಂದು ಕೈಯ ಕೊಳೆ ಇನ್ನೊಂದಕ್ಕೆ ಅಂಟದಂತೆ ಘಾಳೆಪ್ಪನ ಎಡಗೈಯನ್ನು ಮೊದಲು, ಬಲಗೈಯನ್ನು ಆಮೇಲೆ ಬೇರೆ ಬೇರೆಯಾಗಿ ತೊಳೆಸಿ ಒಂದೊಂದು ತಟ್ಟೆಗೆ ಒತ್ತಿಸಿದಳು. ಗಾಯಕ್ಕೆ ಸೋಪು ತಾಗಿದರೂ ಅವನು ಕೈ ಹಿಂದೆಳೆಯಲಿಲ್ಲ. ಮೂರನೆಯ ತಟ್ಟೆಗೆ ಅವಳು, ಅದೇ ರೀತಿ ತೊಳೆದು, ತನ್ನದೇ ಅಂಗೈ ಒತ್ತಿದಳು. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಹಸಿರು ದೀಪ ತಪ್ಪದ ಕೈ.

“ಎರಡ್ ದಿನ?” ಎಂದಳು ಜಗದೇವಿ. “ಎರಡ್ ದಿನಕ್ಕ ಬುಧವಾರ. ಗುರುವಾರ ಒಯ್ತಾರ.”

“ಗೊತ್ತದ. ಲಗೂ ಮಾಡ್ಲಾಕ ಬರಂಗಿಲ್ಲ. ಅವು ಬೆಳೀಬೇಕು.”

“ಕೂಸೂ ಬೆಳೀಬೇಕಲ್ರಿ.”

ಮಂಗಳವಾರ ಮಹಾನಂದಾ ಬೇರೆ ಒಂಬತ್ತು ಮನೆಗಳ ಡಬ್ಬಿ ರಿಪೇರಿ ಮಾಡಿದಳು. ಪ್ರತಿ ಮನೆಯಿಂದ ಹೊರಬಂದಾಗಲೂ ಕಾವಿನ ಪೆಟ್ಟಿಗೆ ಸರಿಯಾದ ಬಿಸಿಯಲ್ಲಿದೆಯೇ ಎಂದು ಕೇಂದ್ರಕ್ಕೆ ಫೋನು ಮಾಡಿದಳು. ಐದನೆಯ ಸಲ ಫೋನು ಎತ್ತಿದ ಬಿರಾದಾರ, “ಅದು ಎಲ್ಲಿಗೂ ಓಡಿ ಹೋಗಂಗಿಲ್ಲವ್ವಾ, ನಾನೇ ಮುಂದ ಕುಂತೀನಿ,” ಎಂದರು.

ಬುಧವಾರ ಮಧ್ಯಾಹ್ನ ಎರಡು ಗಂಟೆಗೆ ಇಬ್ಬರೂ ತಟ್ಟೆಗಳನ್ನು ಬೆಳಕಿಗೆ ಹಿಡಿದರು.

ಮಹಾನಂದಾಳ ತಟ್ಟೆಯಲ್ಲಿ ಅರವತ್ತನಾಲ್ಕು ಚುಕ್ಕೆ. ಶುದ್ಧವಾದ ಕೈಗೆ ಇದು ಸಹಜ. ಘಾಳೆಪ್ಪನ ಬಲಗೈಯ ತಟ್ಟೆಯಲ್ಲಿ ಎಣಿಸಲು ಜಾಗವೇ ಇರಲಿಲ್ಲ. ಚುಕ್ಕೆಗಳು ಒಂದಕ್ಕೊಂದು ಕೂಡಿ ಕೆನೆಯ ಹಾಗೆ ಹರಡಿದ್ದವು, ಗಾಯದಲ್ಲಿ ಬೆಳೆಯುವ ಹಳದಿ ಬಣ್ಣದವೂ ಇದ್ದವು. ಎಡಗೈಯ ತಟ್ಟೆಯನ್ನು ಬಿರಾದಾರ ಮೂರು ಸಲ ತಿರುಗಿಸಿ ಎಣಿಸಿದರು. ಹನ್ನೊಂದು.

“ಕರಿ ಕೈ ಸ್ವಚ್ಛ ಅದ,” ಎಂದರು ನಿಧಾನಕ್ಕೆ. “ಕರಿ ತೆಗಿಲಾಕ ಉಜ್ಜಿದ ಕೈ ಹೊಲಸಾಗ್ಯದ.”

ತಾಮ್ರ ಜೀವಾಣುಗಳನ್ನು ಕೊಲ್ಲುತ್ತದೆಂಬುದು ಹಳೆಯ ತಿಳಿವಳಿಕೆ. ರೇಖೆಗಳಲ್ಲಿ ಉಳಿದ ಲೋಹದ ಕಣಗಳೇ ಎಡಗೈಯನ್ನು ಕಾದವೋ, ಅಥವಾ ಘಾಳೆಪ್ಪ ಆ ಕೈಯನ್ನು ಹೆಚ್ಚು ಜತನದಿಂದ ಇಟ್ಟುಕೊಂಡಿದ್ದನೋ, ಒಂದೇ ತಟ್ಟೆಯಿಂದ ಹೇಳಲಾಗದು. ಮಹಾನಂದಾ ವರದಿಯಲ್ಲಿ ಹಾಗೆಂದೇ ಬರೆದಳು. ಆದರೆ ಸೋಮವಾರ ತಾನು ಚಾವಿ ತೆಗೆದಿದ್ದರೆ ಕೂಸಿನ ಬೆನ್ನಿಗೆ ಆ ಬಲಗೈ ತಾಗುತ್ತಿತ್ತು ಎಂಬುದು ನೆನಪಾಗಿ, ಬರೆಯುತ್ತಿದ್ದವಳು ಎದ್ದು ಹೋಗಿ ನೀರು ಕುಡಿದು ಬಂದಳು.

ಬಿರಾದಾರ ಅಷ್ಟರಲ್ಲಿ ಮಕ್ಕಳ ಡಾಕ್ಟರಿಗೆ ಫೋನು ಮಾಡಿದ್ದರು. ಡಾಕ್ಟರ್ ನುಸ್ರತ್ ಮೂರು ಷರತ್ತು ಹೇಳಿದರು. ಬಲಗೈಗೆ ಮುಲಾಮು ಹಚ್ಚಿ ಕಟ್ಟಬೇಕು, ಅದು ಕೂಸಿನ ಹತ್ತಿರ ಸುಳಿಯಕೂಡದು. ಕೂಸು ಬರಿ ಎದೆಯ ಮೇಲಿರಲಿ, ಕೈಯ ಲೋಹ ತಾಗದಂತೆ ಬೆನ್ನಿನ ಮೇಲೆ ಬಟ್ಟೆ ಹೊದಿಸಿ ಎಡಗೈ ಇಡಲಿ. ದಿನಕ್ಕೆ ನಾಲ್ಕು ಗಂಟೆ. “ಹಾಗಿದ್ರೆ ಗುರುವಾರ ಬೇಡ. ಭಾನುವಾರದ ತನಕ ನೋಡೋಣ.”

ನಿಯಮವನ್ನು ಬಿರಾದಾರ ತಾವೇ ಕೂತು ತಿದ್ದಿದರು. ಇನ್ನು ಮುಂದೆ ಡಬ್ಬಿ ಯಾವ ಕೈಯನ್ನೂ ಮತ್ತೊಂದು ಕೈಗೆ ಹೋಲಿಸಕೂಡದು. ತಟ್ಟೆಯಲ್ಲಿ ಶುದ್ಧವೆಂದು ಕಂಡ ದಿನ ಆ ಕೈ ಹೇಗಿತ್ತೋ ಅದೇ ಅದರ ಅಳತೆ. ಕಪ್ಪಿದ್ದರೆ ಕಪ್ಪು, ಹಳದಿಯಿದ್ದರೆ ಹಳದಿ. ಸೋಪು ಎಲ್ಲರಿಗೂ, ಫಲ ಕಂಡರೂ ಕಾಣದಿದ್ದರೂ.

“ಸಾವಿರದ ನೂರಾ ನಲವತ್ತು ತಟ್ಟೆ ಬೇಕಾಗ್ತಾವ,” ಎಂದರು.

“ಸಾವಿರದ ನೂರಾ ಮೂವತ್ತೊಂಬತ್ತು ಸರ್. ಒಂದು ಆಗ್ಯದ.”

ಭಾನುವಾರ ತೂಗಿದಾಗ ಕೂಸು ಅರವತ್ತೆಂಟು ಗ್ರಾಂ ಹೆಚ್ಚಿತ್ತು. ಅದು ಕೇಂದ್ರದ ದಾಖಲೆಯಲ್ಲಿದೆ. ದಾಖಲೆಯಲ್ಲಿ ಇಲ್ಲದಿರುವುದು ಬುಧವಾರ ಸಂಜೆ ನಾಲ್ಕೂವರೆಯ ಹೊತ್ತು.

ಘಾಳೆಪ್ಪ ಅಂಗಿ ಬಿಚ್ಚಿ, ಎದೆ ತೊಳೆದುಕೊಂಡು ಡಬ್ಬಿಯ ಮುಂದೆ ನಿಂತ. ಎಡಗೈ ಒಡ್ಡಿದ. ನೇರಳೆ ಬೆಳಕು ಬಿತ್ತು. ಒಳಗೆ ಪಂಪು ಮಿಸುಕಿತು. ಅಂಗೈ ನಡುವೆ ಬೆಳ್ಳಗೆ ನೊರೆ ಬಂದು ಕೂತಿತು. ಅವನು ಅದನ್ನು ನೋಡುತ್ತ ನಿಂತೇ ಇದ್ದ.

“ಅಪ್ಪಾ, ಅದು ಪ್ರಸಾದ ಅಲ್ಲ, ತಿಕ್ಕೋ,” ಎಂದಳು ಜಗದೇವಿ.

ಒಂದೇ ಕೈಯನ್ನು ಅದೇ ಕೈಯ ಬೆರಳುಗಳಿಂದ ತಿಕ್ಕಿಕೊಳ್ಳಲು ಅವನು ಪಡುತ್ತಿದ್ದ ಪಾಡು ನೋಡಲಾಗದೆ, ಆಗಲೇ ಕೈ ತೊಳೆದಿದ್ದ ಮಹಾನಂದಾ ಮುಂದೆ ಬಂದು ತಾನೇ ತಿಕ್ಕಿದಳು. ಬೆರಳ ಸಂದಿ, ಉಗುರ ಬುಡ, ಮಣಿಕಟ್ಟು. ಇಪ್ಪತ್ತು ಸೆಕೆಂಡಿನ ಬದಲು ನಲವತ್ತಾಯಿತು. ನಲ್ಲಿ ನೀರು ಬಿಟ್ಟಿತು. ಕೈ ಮೊದಲಿನಷ್ಟೇ ಕಪ್ಪಗಿತ್ತು. ಹಸಿರು ದೀಪ ಹತ್ತಿತು. ಗೂಡಿನ ಮುಚ್ಚಳ ಸದ್ದಿಲ್ಲದೆ ಮೇಲೆದ್ದಿತು.

ಜಗದೇವಿ ಕೂಸನ್ನು ಎತ್ತಿ, ತನ್ನ ಮೈಗೆ ತಾಗಿಸದೆ ಎರಡೂ ತೋಳು ಮುಂದೆ ಚಾಚಿ, ಕುರ್ಚಿಗೆ ಒರಗಿದ್ದ ಅಪ್ಪನ ಎದೆಯ ಮೇಲೆ ಮಲಗಿಸಿದಳು. ಮೆತ್ತನೆಯ ಬಟ್ಟೆ ಹೊದಿಸಿದಳು. ಘಾಳೆಪ್ಪನ ಎಡಗೈ ಬಂದು ಬಟ್ಟೆಯ ಮೇಲೆ ಕೂತಿತು. ಕೂಸಿನ ಬೆನ್ನು ಪೂರಾ ಮುಚ್ಚಿಹೋಯಿತು. ಆಚೆ ಒಂದು ಕಿವಿ, ಈಚೆ ಒಂದು ಹಿಮ್ಮಡಿ.

ಒಂದು ನಿಮಿಷ ಹಾಗೇ ಕಳೆಯಿತು. ಅವನ ಮುಖ ಕೆಂಪೇರತೊಡಗಿತು. ಮಹಾನಂದಾ ಗಾಬರಿಯಾಗಿ ಮುಂದೆ ಬಾಗಿದಳು. ಜಗದೇವಿಗೆ ಅರ್ಥವಾಯಿತು.

“ಉಸ್ರ್ ಬಿಡು ಅಪ್ಪಾ. ಕೂಸೇ ಉಸ್ರಾಡ್ಲಕತ್ತದ, ನೀ ಯಾಕ ನಿಲ್ಸೀದಿ?”

“ಅಲುಗಿದ್ರ ಎಚ್ಚರಾಗ್ತದಲ್ಲ,” ಎಂದ ಘಾಳೆಪ್ಪ, ತುಟಿ ಮಾತ್ರ ಆಡಿಸಿ.

“ಅಲುಗಬೇಕಂತೇ ಅಲ್ಲೇನು ಅದನ್ನ ಅಲ್ಲಿಟ್ಟಿದ್ದು!”

ಅವನು ತಡೆಹಿಡಿದ ಉಸಿರನ್ನು ಸ್ವಲ್ಪ ಸ್ವಲ್ಪವಾಗಿ ಬಿಟ್ಟ. ಎದೆ ಇಳಿಯಿತು, ಕೂಸು ಅದರೊಂದಿಗೆ ಇಳಿಯಿತು. ಹೆದರಿ ಹೆದರಿ ಒಂದು ಉಸಿರು ಎಳೆದುಕೊಂಡ. ಕೂಸು ಎಚ್ಚರಾಗಲಿಲ್ಲ, ಮೇಲೆ ಬಂತು.